ಒಂದು ದಿನದ ಶಿಬಿರ ಬೇಡ, ಬದಲಿಗೆ ಶಾಲೆಯಲ್ಲಿ ಏನು ಕೇಳೋಣ?

ಕತ್ರಿಗುಪ್ಪೆಯ ತಾಯಿ
ಎಲ್ಲರಿಗೂ ನಮಸ್ಕಾರ. ದಕ್ಷಿಣ ಬೆಂಗಳೂರಿನ ಒಂದು ಸರ್ಕಾರಿ ಪ್ರೌಢಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ನಾನು ಸದಸ್ಯೆ. ಮಗಳು ಅಲ್ಲೇ ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದಾಳೆ. ಮುಂದಿನ ಶನಿವಾರ ನಮ್ಮ ಸಭೆಯಿದೆ. ಶಾಲೆಗೆ ನೆರವಾಗುತ್ತಿರುವ ದಾನಿಯೊಬ್ಬರು ಈ ವರ್ಷ ಮಕ್ಕಳ ಮಾನಸಿಕ ಆರೋಗ್ಯಕ್ಕೆಂದು ಒಂದಿಷ್ಟು ಹಣ ಎತ್ತಿಟ್ಟಿದ್ದಾರೆ. ಒಂದು ದಿನದ ಶಿಬಿರ, ಭಾಷಣ, ಊಟ, ಬ್ಯಾನರ್, ಮಕ್ಕಳಿಗೆಲ್ಲ ಒಂದೊಂದು ಟೀ ಶರ್ಟ್ ಎನ್ನುವುದು ಈಗಿನ ಯೋಚನೆ. ನನಗೆ ಅದು ಬೇಡ. ಬೇಡ ಎಂದ ಮೇಲೆ ಬೇಕಾದದ್ದೇನು ಎಂದೂ ಹೇಳಬೇಕಲ್ಲ, ಅದಕ್ಕೇ ನಿಮ್ಮನ್ನೆಲ್ಲ ಕೇಳುತ್ತಿದ್ದೇನೆ.

ಏಕೆ ಬೇಡ ಎಂದರೆ, ಕಳೆದ ವರ್ಷ ಮಗಳಿಗೆ ಪ್ರತಿ ಸೋಮವಾರ ಬೆಳಿಗ್ಗೆ ಹೊಟ್ಟೆನೋವು. ಮೊದಮೊದಲು ಜೀರಿಗೆ ಕಷಾಯ ಕೊಟ್ಟೆ. ಆಮೇಲೆ ಮುಖ್ಯರಸ್ತೆಯ ಕ್ಲಿನಿಕ್‌ನಲ್ಲಿ ಗ್ಯಾಸ್ಟ್ರಿಕ್ ಮಾತ್ರೆ, ನಂತರ ಸ್ಕ್ಯಾನಿಂಗ್. ಎಲ್ಲ ಸರಿಯಾಗಿದೆ ಎಂದರು. ಬಿಸಿಯೂಟಕ್ಕೆಂದು ಬೆಳಿಗ್ಗೆ ಬ್ಯಾಗಿನಲ್ಲಿಟ್ಟ ತಟ್ಟೆ ಸಂಜೆ ಹಾಗೇ ಒಣಗಿಕೊಂಡು ವಾಪಸ್ಸು ಬರುತ್ತಿತ್ತು. ಎಡಗೈ ಹೆಬ್ಬೆರಳಿನ ಉಗುರಿನ ಪಕ್ಕದ ಚರ್ಮವನ್ನು ಕಿತ್ತು ಕಿತ್ತು ರಕ್ತ ಬರಿಸಿಕೊಳ್ಳುತ್ತಿದ್ದಳು. ನಾನು ಅರಿಶಿನ ಹಚ್ಚಿ ಬೈಯುತ್ತಿದ್ದೆ. ಎಂಟು ತಿಂಗಳು ಹೀಗೇ ಕಳೆಯಿತು. ಕೊನೆಗೆ ನರ್ಸ್ ಆಗಿರುವ ನನ್ನ ನಾದಿನಿ ಒತ್ತಾಯ ಮಾಡಿ ನಿಮ್ಹಾನ್ಸ್‌ನ ಮಕ್ಕಳ ವಿಭಾಗಕ್ಕೆ ಕರೆದುಕೊಂಡು ಹೋದಳು. ಅಲ್ಲಿಯ ವೈದ್ಯೆ ಹೊಟ್ಟೆಯ ವಿಷಯವನ್ನೇ ಎತ್ತಲಿಲ್ಲ. "ತರಗತಿಯಲ್ಲಿ ನಿನ್ನ ಪಕ್ಕ ಯಾರು ಕೂರುತ್ತಾರೆ?" ಎಂದು ಕೇಳಿದರು. ಮಗಳು ಅಳಲು ಶುರು ಮಾಡಿದವಳು ಇಪ್ಪತ್ತು ನಿಮಿಷ ನಿಲ್ಲಿಸಲಿಲ್ಲ.

ಜುಲೈ ತಿಂಗಳ ಕಿರುಪರೀಕ್ಷೆಯ ಅಂಕ ನೋಡಿ ಶಾಲೆಯಲ್ಲಿ ಮಕ್ಕಳನ್ನು ಎರಡು ಭಾಗ ಮಾಡಿದ್ದರಂತೆ. ಕಡಿಮೆ ಅಂಕದವರ ಕೊಠಡಿಗೆ ಇವಳು, ಇನ್ನೊಂದಕ್ಕೆ ಒಂದನೇ ತರಗತಿಯಿಂದ ಜೊತೆಗಿದ್ದ ಗೆಳತಿ. ಆ ಗೆಳತಿಯೂ ಬರಬರುತ್ತಾ ಇವಳನ್ನು ಮಾತನಾಡಿಸುವುದು ಬಿಟ್ಟಳು. ಇದನ್ನು ಮಗಳು ಯಾರಿಗೂ ಹೇಳಿರಲಿಲ್ಲ. ಅದೇ ವರ್ಷ ಅಕ್ಟೋಬರ್ 10ರಂದು ವಿಶ್ವ ಮಾನಸಿಕ ಆರೋಗ್ಯ ದಿನದ ಕಾರ್ಯಕ್ರಮವೂ ಆಗಿತ್ತು. ನಾನೇ ಹೋಗಿ ಅತಿಥಿಗಳಿಗೆ ಹಾರ ಹಾಕಿದ್ದೆ. ನಾನ್ನೂರು ಮಕ್ಕಳು ಬಿಸಿಲಿನಲ್ಲಿ ಒಂದು ಗಂಟೆ ಕುಳಿತು ಒತ್ತಡ ನಿರ್ವಹಣೆಯ ಭಾಷಣ ಕೇಳಿದರು. ನನ್ನ ಮಗಳು ಮೂರನೇ ಸಾಲಿನಲ್ಲಿದ್ದಳು. "ಅವತ್ತು ಅಷ್ಟು ಹೇಳಿದರಲ್ಲ, ನೀನು ಯಾರಿಗಾದರೂ ಹೇಳಬಹುದಿತ್ತಲ್ಲ ಪುಟ್ಟಿ" ಎಂದೆ. "ಅವರು ಹೇಳಿದರು ಅಮ್ಮ, ಯಾರೂ ನನ್ನನ್ನು ಏನೂ ಕೇಳಲಿಲ್ಲ" ಎಂದಳು.

ಈಗ ಅವಳು ಚೆನ್ನಾಗಿದ್ದಾಳೆ. ಆದರೆ ಎಂಟು ತಿಂಗಳು ಅವಳ ಕಣ್ಣೆದುರು ಅಷ್ಟು ಜನ ದೊಡ್ಡವರಿದ್ದೆವು. ಅದಕ್ಕೇ ಕೇಳುತ್ತಿದ್ದೇನೆ, ಆ ಹಣದಿಂದ ಏನು ಮಾಡಬಹುದು?

ರಾಜಾಜಿನಗರದ ಶಿಕ್ಷಕಿ
ಮೇಡಂ, ನಿಮ್ಮ ಬರಹ ಓದಿದ ಮೇಲೆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಸೋಮವಾರದ ಹೊಟ್ಟೆನೋವಿನ ಮಕ್ಕಳನ್ನು ನಾನೂ ಮನೆಗೆ ಫೋನ್ ಮಾಡಿ ಕಳುಹಿಸಿದ್ದೇನೆ. ಎಷ್ಟು ಮಕ್ಕಳೋ ಲೆಕ್ಕವಿಲ್ಲ.

ಕೆಲವು ವರ್ಷಗಳ ಹಿಂದೆ ನಿಮ್ಹಾನ್ಸ್ ರೂಪಿಸಿದ ಜೀವನ ಕೌಶಲ ಶಿಕ್ಷಣದ ತರಬೇತಿ ನನಗೆ ಸಿಕ್ಕಿತ್ತು. ಅದರಲ್ಲಿ ಭಾಷಣವೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಗುರುತಿಸಿದ ಹತ್ತು ಕೌಶಲಗಳನ್ನು ಚಟುವಟಿಕೆಗಳ ಮೂಲಕ ಮಕ್ಕಳಿಂದಲೇ ಮಾಡಿಸಬೇಕು. ತನ್ನನ್ನು ತಾನು ಅರಿಯುವುದು, ಇನ್ನೊಬ್ಬರ ನೋವು ತಿಳಿಯುವುದು, ಬೇಡ ಎನ್ನುವುದು, ಕೋಪ ಬಂದಾಗ ಏನು ಮಾಡುವುದು, ಹೀಗೆ. "ಬೇಡ ಎನ್ನುವುದು" ಚಟುವಟಿಕೆಯ ದಿನ ಇಬ್ಬರು ಹುಡುಗರನ್ನು ಮುಂದೆ ನಿಲ್ಲಿಸಿದ್ದೆ. ಒಬ್ಬ ಬೀಡಿ ಸೇದು ಎಂದು ಒತ್ತಾಯಿಸಬೇಕು, ಇನ್ನೊಬ್ಬ ಸ್ನೇಹ ಕೆಡಿಸಿಕೊಳ್ಳದೆ ಬೇಡ ಎನ್ನಬೇಕು. ಮೂರು ಸಲ ಪ್ರಯತ್ನಿಸಿದರೂ ಅವನಿಗೆ ಬೇಡ ಎನ್ನಲಾಗಲಿಲ್ಲ. ನಾಲ್ಕನೆಯ ಸಲ "ನಮ್ಮಪ್ಪ ಕುಡಿದು ಬರುವುದನ್ನು ದಿನಾ ನೋಡುತ್ತೇನೆ, ನನಗೆ ಬೇಡ" ಎಂದುಬಿಟ್ಟ. ತರಗತಿಯಲ್ಲಿ ಸದ್ದಿಲ್ಲ. ಎರಡು ವರ್ಷ ಅವನಿಗೆ ಪಾಠ ಮಾಡಿದ್ದೆ, ಮನೆಯ ಸ್ಥಿತಿ ನನಗೆ ಗೊತ್ತಾದದ್ದು ಅವತ್ತು.

ಈ ಕಾರ್ಯಕ್ರಮದ ಫಲಿತಾಂಶವನ್ನು ನಿಮ್ಹಾನ್ಸ್‌ನವರು 2010ರಲ್ಲಿ ಪ್ರಕಟಿಸಿದ್ದಾರೆ. ಕರ್ನಾಟಕದ 261 ಪ್ರೌಢಶಾಲೆಗಳಲ್ಲಿ, ಸುಮಾರು 55,000 ಮಕ್ಕಳಿಗೆ ಶಿಕ್ಷಕರ ಮೂಲಕ ಅದನ್ನು ಕಲಿಸಲಾಗಿತ್ತು. ಅದನ್ನು ಕಲಿತ 605 ಮಕ್ಕಳನ್ನೂ ಕಲಿಯದ 423 ಮಕ್ಕಳನ್ನೂ ಹೋಲಿಸಿ ನೋಡಿದಾಗ, ಕಲಿತವರಲ್ಲಿ ಆತ್ಮಗೌರವ, ಕಷ್ಟ ಎದುರಿಸುವ ಶಕ್ತಿ, ಶಾಲೆಯೊಂದಿಗೆ ಮತ್ತು ಶಿಕ್ಷಕರೊಂದಿಗೆ ಹೊಂದಿಕೊಳ್ಳುವುದು ಎಲ್ಲವೂ ಚೆನ್ನಾಗಿದ್ದವು. ಆದರೆ ಮಾನಸಿಕ ತೊಂದರೆಯ ಲಕ್ಷಣಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ನನಗೆ ಮುಖ್ಯವೆನಿಸುವುದು ಆ ಕೊನೆಯ ಮಾತು. ಜೀವನ ಕೌಶಲದ ತರಗತಿ ಎಲ್ಲ ಮಕ್ಕಳಿಗೂ ಬೇಕು. ಈಗಾಗಲೇ ಒಳಗೊಳಗೇ ಬೇಯುತ್ತಿರುವ ಮಗುವಿಗೆ ಅದೊಂದೇ ಸಾಲದು.

ಇನ್ನು ನಮ್ಮ ಸ್ಥಿತಿಯನ್ನೂ ಹೇಳಿಬಿಡುತ್ತೇನೆ. ಶಾಲೆಯಲ್ಲಿ ಎರಡು ಹುದ್ದೆ ಖಾಲಿ. ಮಕ್ಕಳ ವಿವರ ದಾಖಲಿಸುವ ಸ್ಯಾಟ್ಸ್ ಎಂಬ ಆನ್‌ಲೈನ್ ವ್ಯವಸ್ಥೆಗೆ ಮಾಹಿತಿ ತುಂಬಬೇಕು, ಹಾಲು ಮೊಟ್ಟೆಯ ಲೆಕ್ಕ ಬರೆಯಬೇಕು, ಚುನಾವಣೆ, ಸಮೀಕ್ಷೆ ಎಂದರೆ ಹೊರಡಬೇಕು. ಜನವರಿ ಬಂತೆಂದರೆ ಜೀವನ ಕೌಶಲದ ಪಿರಿಯಡ್ ಗಣಿತಕ್ಕೆ ಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಆಂತರಿಕ ಅಂಕ ಕೊಡುವವಳೇ ನಾನು. ನನ್ನ ಮೇಲೇ ದೂರು ಇರುವ ಮಗು ಯಾರ ಬಳಿ ಹೋಗಬೇಕು?

ಜೆ.ಪಿ. ನಗರದ ಪೋಷಕ
ಖಾಸಗಿ ಶಾಲೆಯ ಕಥೆ ಬೇರೆ ಎಂದುಕೊಳ್ಳಬೇಡಿ. ಮಗನ ಶಾಲೆಯಲ್ಲಿ ಆಪ್ತ ಸಮಾಲೋಚಕರಿದ್ದಾರೆ, ಹವಾನಿಯಂತ್ರಿತ ಕೊಠಡಿಯಿದೆ, ಶಾಲೆಯ ಪುಸ್ತಿಕೆಯಲ್ಲಿ ಅದರ ಬಣ್ಣದ ಚಿತ್ರವಿದೆ. ಏಳನೇ ತರಗತಿಯಲ್ಲಿದ್ದಾಗ ಮಗ ತಾನಾಗಿಯೇ ಹೋಗಿ, ಮನೆಯಲ್ಲಿ ಅಪ್ಪ ಅಮ್ಮ ಜಗಳವಾಡುತ್ತಾರೆ, ರಾತ್ರಿ ಭಯವಾಗುತ್ತದೆ ಎಂದು ಹೇಳಿಕೊಂಡಿದ್ದ. ಮರುವಾರದ ಪೋಷಕರ ಸಭೆಯಲ್ಲಿ ತರಗತಿ ಶಿಕ್ಷಕರು ಇತರ ಇಬ್ಬರು ಪೋಷಕರ ಎದುರಿನಲ್ಲೇ "ಮನೆಯ ವಾತಾವರಣ ಸ್ವಲ್ಪ ನೋಡಿಕೊಳ್ಳಿ ಸರ್" ಎಂದರು. ನಮಗೆ ನಾಚಿಕೆಯಾದದ್ದು ದೊಡ್ಡ ವಿಷಯವಲ್ಲ, ನಮ್ಮ ತಪ್ಪು ನಮ್ಮದೇ. ಮಗ ನನ್ನ ಪಕ್ಕದಲ್ಲೇ ನಿಂತಿದ್ದ. ಅವನ ಕಿವಿ ಕೆಂಪಾಗಿದ್ದನ್ನು ನಾನು ಮರೆಯಲಾರೆ. ಅಂದಿನಿಂದ ಅವನು ಆ ಕೊಠಡಿಯ ಕಡೆ ತಲೆ ಹಾಕಿಲ್ಲ. ಬೇರೆ ಯಾರಲ್ಲಿಯೂ ಬಾಯಿ ಬಿಡುವುದಿಲ್ಲ.

ವಿಚಾರಿಸಿದಾಗ, ಸಮಾಲೋಚಕರು ಪ್ರತಿ ಶುಕ್ರವಾರ ಪ್ರಾಂಶುಪಾಲರಿಗೆ ಮಕ್ಕಳ ಹೆಸರಿನ ಸಮೇತ ವರದಿ ಕೊಡಬೇಕೆಂಬ ನಿಯಮವಿತ್ತು ಎಂದು ತಿಳಿಯಿತು. ಆದ್ದರಿಂದ ಯಾರನ್ನು ನೇಮಿಸುತ್ತೀರಿ ಎನ್ನುವುದಕ್ಕಿಂತ ಮೊದಲು, ಮಗು ಹೇಳಿದ ಮಾತು ಎಲ್ಲಿಗೆ ಹೋಗುತ್ತದೆ ಎಂದು ಬರೆದಿಡಿ.

ಆಪ್ತ ಸಮಾಲೋಚಕಿ, ವಿಲ್ಸನ್ ಗಾರ್ಡನ್
ಮನೋವೈದ್ಯಕೀಯ ಸಮಾಜಕಾರ್ಯ ಓದಿ ಹನ್ನೊಂದು ವರ್ಷಗಳಿಂದ ನಗರದ ಶಾಲೆಗಳಲ್ಲಿ ಕೆಲಸ ಮಾಡುತ್ತಿದ್ದೇನೆ. ಇದುವರೆಗೆ ಬರೆದ ಮೂವರೂ ಒಂದೇ ಜಾಗವನ್ನು ಮುಟ್ಟಿದ್ದೀರಿ, ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಲೆಕ್ಕ. ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದ ಮಕ್ಕಳಲ್ಲಿ ಶೇ 7.3ರಷ್ಟು ಮಂದಿಗೆ ಚಿಕಿತ್ಸೆ ಅಥವಾ ನೆರವು ಬೇಕಾಗುವಂಥ ಮಾನಸಿಕ ತೊಂದರೆ ಇತ್ತು. ಮಹಾನಗರಗಳಲ್ಲಿ ಅದು ಶೇ 13.5. ನಿಮ್ಮ ನಾನ್ನೂರು ಮಕ್ಕಳ ಶಾಲೆಗೆ ಮೊದಲ ಅಂಕಿಯನ್ನೇ ಹಿಡಿದರೂ ಇಪ್ಪತ್ತೊಂಬತ್ತು ಮಕ್ಕಳು. ಎರಡನೆಯದನ್ನು ಹಿಡಿದರೆ ಐವತ್ತನಾಲ್ಕು, ಹೆಚ್ಚುಕಡಿಮೆ ಒಂದು ಪೂರ್ತಿ ತರಗತಿ. ಒಂದು ದಿನದ ಶಿಬಿರ ಈ ಮಕ್ಕಳನ್ನು ಹುಡುಕಿ ಕೊಡುವುದಿಲ್ಲ.

ಯಾರು ಮಾಡಬೇಕು ಎನ್ನುವ ಪ್ರಶ್ನೆಗೆ ನಮ್ಮ ದೇಶದಲ್ಲೇ ಒಂದು ಒಳ್ಳೆಯ ಉತ್ತರವಿದೆ. ಬಿಹಾರದ ನಳಂದಾ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಸೆಹೆರ್ ಎಂಬ ಪ್ರಯೋಗ ನಡೆಯಿತು, ಫಲಿತಾಂಶ 2018ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಎಪ್ಪತ್ತಕ್ಕೂ ಹೆಚ್ಚು ಶಾಲೆಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿನಲ್ಲಿ ಕಾರ್ಯಕ್ರಮವನ್ನು ಶಾಲೆಯ ಶಿಕ್ಷಕರೇ ನಡೆಸಿದರು. ಇನ್ನೊಂದರಲ್ಲಿ ಅದೇ ಕೆಲಸಕ್ಕೆಂದೇ ತರಬೇತಿ ಕೊಟ್ಟು ನೇಮಿಸಿದ ಒಬ್ಬರು ನಡೆಸಿದರು, ಅವರು ಮನೋವೈದ್ಯರೇನಲ್ಲ, ಸಾಮಾನ್ಯ ಪದವೀಧರರು. ಮೂರನೆಯ ಗುಂಪಿನಲ್ಲಿ ಈ ಕಾರ್ಯಕ್ರಮ ಇರಲಿಲ್ಲ. ಮೊದಲೆರಡು ಗುಂಪುಗಳಲ್ಲಿ ಕಾರ್ಯಕ್ರಮ ಒಂದೇ. ಬೆಳಗಿನ ಪ್ರಾರ್ಥನೆಯಲ್ಲಿ ಮಾತು, ಗೋಡೆ ಪತ್ರಿಕೆ, ಮನಸ್ಸಿನಲ್ಲಿರುವುದನ್ನು ಬರೆದು ಹಾಕುವ ಪೆಟ್ಟಿಗೆ, ಮಕ್ಕಳ ಗುಂಪುಗಳು, ಬೇಕಾದವರಿಗೆ ಪ್ರತ್ಯೇಕ ಸಮಾಲೋಚನೆ. ಪ್ರತ್ಯೇಕ ವ್ಯಕ್ತಿ ಇದ್ದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿತು, ಖಿನ್ನತೆಯ ಲಕ್ಷಣಗಳೂ ಮಕ್ಕಳ ನಡುವಿನ ಪೀಡನೆಯೂ ಕಡಿಮೆಯಾದವು. ಶಿಕ್ಷಕರು ನಡೆಸಿದ ಶಾಲೆಗಳಲ್ಲಿ ಬದಲಾವಣೆ ಕಾಣಲಿಲ್ಲ. ಇದರಿಂದ ಶಿಕ್ಷಕರು ಕೆಟ್ಟವರೆಂದಾಗುವುದಿಲ್ಲ. ರಾಜಾಜಿನಗರದ ಮೇಡಂ ಹೇಳಿದ್ದೇ ಕಾರಣವೆಂದು ನನಗನಿಸುತ್ತದೆ. ಸಮಯವಿಲ್ಲ, ಅಂಕ ಕೊಡುವ ಕೈಯೂ ಅದೇ.

ಧ್ಯಾನ ಹೇಳಿಕೊಟ್ಟರೆ ಸಾಕು ಎಂದು ಸಭೆಯಲ್ಲಿ ಯಾರಾದರೂ ಖಂಡಿತ ಹೇಳುತ್ತಾರೆ. ಬ್ರಿಟನ್‌ನಲ್ಲಿ 85 ಶಾಲೆಗಳ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ಇದನ್ನೇ ಪರೀಕ್ಷಿಸಿದ್ದಾರೆ, ಫಲಿತಾಂಶ 2022ರಲ್ಲಿ ಬಂತು. ತರಗತಿಯ ಎಲ್ಲ ಮಕ್ಕಳಿಗೂ ಶಿಕ್ಷಕರ ಮೂಲಕ ಕಲಿಸಿದ ಧ್ಯಾನದ ಪಾಠದಿಂದ ಮಾಮೂಲಿ ಪಾಠಕ್ಕಿಂತ ಹೆಚ್ಚಿನ ಲಾಭವೇನೂ ಆಗಲಿಲ್ಲ.

ನನ್ನ ಸಲಹೆ ಇಷ್ಟೇ. ಆ ಹಣವನ್ನು ಒಬ್ಬ ವ್ಯಕ್ತಿಯ ಸಮಯಕ್ಕೆ ಕೊಡಿ. ವಾರಕ್ಕೆ ಎರಡು ದಿನ, ವರ್ಷ ಪೂರ್ತಿ. ಸಮಾಜಕಾರ್ಯ ಅಥವಾ ಮನಃಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು ಮಕ್ಕಳೊಂದಿಗೆ ಕೆಲಸ ಮಾಡಿದವರು ಬೇಕು, ಅವರಿಗೆ ತಿಂಗಳಿಗೊಮ್ಮೆ ಮಾರ್ಗದರ್ಶನ ಮಾಡುವ ಹಿರಿಯರೊಬ್ಬರೂ ಬೇಕು. ಕನ್ನಡದಲ್ಲಿ ಮಕ್ಕಳ ಜೊತೆ ಸರಾಗವಾಗಿ ಮಾತನಾಡಬಲ್ಲವರೇ ಎಂದು ನೋಡಿ, ಪದವಿ ಪ್ರಮಾಣಪತ್ರದಷ್ಟೇ ಇದೂ ಮುಖ್ಯ.

ಆಮೇಲೆ ಕೊಠಡಿ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ನನಗೆ ಕೊಟ್ಟಿದ್ದು ಅಕ್ಕಿ ಮೂಟೆ ಇಡುವ ಕೋಣೆಯ ಅರ್ಧಭಾಗ. ಮಗು ಅಳುತ್ತಿರುವಾಗ ಅಡುಗೆಯವರು ಬೇಳೆ ಅಳೆಯಲು ಬರುತ್ತಿದ್ದರು. ಬಾಗಿಲಿನ ಮೇಲೆ "ಆಪ್ತ ಸಮಾಲೋಚನಾ ಕೊಠಡಿ" ಎಂದು ದೊಡ್ಡದಾಗಿ ಬರೆಸಿದ್ದರಿಂದ ಒಳಗೆ ಬಂದುಹೋದ ಮಗುವಿಗೆ ಉಳಿದವರು "ನಿಮ್ಹಾನ್ಸ್ ಕೇಸ್" ಎಂದು ಹೆಸರಿಟ್ಟರು. ಈ ಊರಿನಲ್ಲಿ ಆ ಮಾತನ್ನು ನಾವೆಲ್ಲ ಬೈಗುಳವಾಗಿ ಬಳಸಿ ಬಳಸಿ ಮಕ್ಕಳಿಗೂ ಕಲಿಸಿದ್ದೇವೆ. ಅದಕ್ಕೆ ಉಪಾಯವೆಂದರೆ ಎಲ್ಲ ಮಕ್ಕಳೂ ವರ್ಷಕ್ಕೊಮ್ಮೆ ಹತ್ತು ನಿಮಿಷ ಅಲ್ಲಿಗೆ ಹೋಗಿ ಬರುವಂತೆ ಮಾಡುವುದು. ನಾನ್ನೂರು ಮಕ್ಕಳಿಗೆ ಅರವತ್ತೇಳು ಗಂಟೆ ಬೇಕು. ವಾರಕ್ಕೆ ಹತ್ತು ಗಂಟೆಯಂತೆ ಏಳು ವಾರದಲ್ಲಿ ಮುಗಿಯುತ್ತದೆ. ಎಲ್ಲರೂ ಹೋದ ಮೇಲೆ ಹೋಗುವುದರಲ್ಲಿ ಗುರುತು ಉಳಿಯುವುದಿಲ್ಲ.

ಬಸವನಗುಡಿಯ ನಿವೃತ್ತ ಮುಖ್ಯೋಪಾಧ್ಯಾಯ
ಎಲ್ಲವನ್ನೂ ಓದಿದೆ. ನನ್ನದೊಂದು ಆತಂಕವಿದೆ, ಹೇಳುತ್ತೇನೆ. ಮಕ್ಕಳ ಎಲ್ಲ ದುಃಖಕ್ಕೂ ರೋಗದ ಹೆಸರು ಕೊಡುವ ಕಾಲ ಬರಬಾರದು. ಅಜ್ಜಿ ತೀರಿಕೊಂಡ ಮಗು ಒಂದು ತಿಂಗಳು ಮಂಕಾಗಿರುತ್ತದೆ. ಅದಕ್ಕೆ ಮಡಿಲು ಬೇಕು, ಕಡತ ಬೇಡ. ಇನ್ನೊಂದು ವಿಷಯ. ನಾನು ಸೇವೆಯಲ್ಲಿದ್ದಾಗ ಸಂಜೆಯ ಕೊನೆಯ ಪಿರಿಯಡ್ ಎಂದರೆ ಆಟ. ಈಗ ನಮ್ಮ ಬಡಾವಣೆಯಲ್ಲಿ ಆಟದ ಮೈದಾನವೇ ಇಲ್ಲದ ಶಾಲೆಗಳಿವೆ. ಮೂವತ್ತು ಅಡಿ ಅಗಲದ ಕಟ್ಟಡ, ಮೇಲೆ ತಗಡಿನ ಚಾವಣಿ, ಅಲ್ಲೇ ಪ್ರಾರ್ಥನೆ, ಅಲ್ಲೇ ಆಟ. ಹತ್ತನೇ ತರಗತಿಗಂತೂ ಆಟದ ಪಿರಿಯಡ್ ಕಾಗದದ ಮೇಲೆ ಮಾತ್ರ. ಕುಣಿದು ಕುಪ್ಪಳಿಸುವ ವಯಸ್ಸಿನಲ್ಲಿ ಕಟ್ಟಿ ಕೂರಿಸಿ, ಆಮೇಲೆ ಮನಸ್ಸಿಗೆ ಏನಾಯಿತು ಎಂದು ಕೇಳಿದರೆ ಹೇಗೆ? ಸಭೆಯಲ್ಲಿ ಆಟದ ಪಿರಿಯಡ್ ವಾಪಸ್ಸು ಕೊಡಿ ಎಂದೂ ಕೇಳಿ ತಾಯಿ. ಅದಕ್ಕೆ ದಾನಿಯ ಹಣವೂ ಬೇಕಿಲ್ಲ.

ಆಪ್ತ ಸಮಾಲೋಚಕಿ, ವಿಲ್ಸನ್ ಗಾರ್ಡನ್
ಸರ್, ನೀವು ಹೇಳಿದ ಎರಡೂ ಮಾತು ಸರಿ. ನನ್ನ ಬಳಿ ಬರುವ ಹತ್ತು ಮಕ್ಕಳಲ್ಲಿ ಆರೇಳು ಮಂದಿಗೆ ಯಾವ ಕಾಯಿಲೆಯೂ ಇರುವುದಿಲ್ಲ, ಕೇಳಿಸಿಕೊಳ್ಳುವವರು ಬೇಕಾಗಿರುತ್ತಾರೆ ಅಷ್ಟೇ. ಯಾವ ಮಗುವಿಗೆ ಮಡಿಲು ಸಾಕು, ಯಾವ ಮಗುವಿಗೆ ಮುಂದಿನ ಚಿಕಿತ್ಸೆ ಬೇಕು ಎಂದು ಬೇರ್ಪಡಿಸಿ ನೋಡುವುದೇ ಈ ಕೆಲಸ. ಎಷ್ಟು ದಿನದಿಂದ ಇದೆ, ನಿದ್ದೆ ಊಟ ಆಟ ಗೆಳೆತನ ಇವುಗಳಲ್ಲಿ ಯಾವುದು ಕೆಟ್ಟಿದೆ, ಇಷ್ಟನ್ನು ವಿಚಾರಿಸಿದರೆ ಬಹಳಷ್ಟು ತಿಳಿಯುತ್ತದೆ. ಅಜ್ಜಿಗಾಗಿ ಅಳುವ ಮಗು ಮಧ್ಯೆ ಮಧ್ಯೆ ಆಟಕ್ಕೂ ಓಡುತ್ತದೆ. ತನಗೆ ಇಷ್ಟವಾದದ್ದರ ಕಡೆಗೂ ವಾರಗಟ್ಟಲೆ ತಿರುಗಿ ನೋಡದ ಮಗುವಿನ ಬಗ್ಗೆ ನನಗೆ ಹೆಚ್ಚು ಚಿಂತೆ.

ಪೀಣ್ಯದ ತಂದೆ
ನಾವು ಯಾದಗಿರಿ ಕಡೆಯವರು. ನಾನು ಕಾರ್ಖಾನೆಯೊಂದರಲ್ಲಿ ಕಾವಲು ಕೆಲಸ, ಹೆಂಡತಿ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಮೂರು ವರ್ಷದ ಹಿಂದೆ ವರ್ಷದ ನಡುವೆ ಮಗನನ್ನು ಇಲ್ಲಿಯ ಆರನೇ ತರಗತಿಗೆ ಸೇರಿಸಿದೆವು. ಊರಿನಲ್ಲಿ ಬಾಯಿ ಬಿಟ್ಟರೆ ನಿಲ್ಲಿಸದ ಹುಡುಗ. ಇಲ್ಲಿ ಮೊದಲ ವಾರವೇ ಅವನ ಮಾತಿನ ಧಾಟಿಯನ್ನು ತರಗತಿಯವರು ಅಣಕಿಸಿದರು. ಪಾಠ ಓದಲು ನಿಲ್ಲಿಸಿದಾಗ ಮೇಷ್ಟ್ರೂ ನಕ್ಕರಂತೆ. ಅವನದ್ದೂ ಕನ್ನಡವೇ ಅಲ್ಲವೇ? ಅಂದಿನಿಂದ ಶಾಲೆಯಲ್ಲಿ ಮೌನ. ವರ್ಷದ ಕೊನೆಗೆ "ಹುಡುಗ ಸ್ವಲ್ಪ ಮಂದ, ತೋರಿಸಿ" ಎಂದರು. ಮನೆಯಲ್ಲಿ ತಂಗಿಗೆ ಕಥೆ ಹೇಳಿ ನಗಿಸುವ ಹುಡುಗ ಮಂದ ಹೇಗಾದಾನು?

ಬೆಂಗಳೂರಿನ ಸರ್ಕಾರಿ ಶಾಲೆಗಳಲ್ಲಿ ನಮ್ಮಂಥವರ ಮಕ್ಕಳೇ ಹೆಚ್ಚು. ರಾಯಚೂರು, ಯಾದಗಿರಿ, ಕಲಬುರಗಿ, ಆಂಧ್ರ, ಬಿಹಾರ, ಎಲ್ಲ ಕಡೆಯಿಂದ ಬಂದವರು. ಹೊಸದಾಗಿ ಸೇರಿದ ಮಗುವಿನ ಜೊತೆ ಒಂದು ತಿಂಗಳು ಕೂರಲು, ಊಟಕ್ಕೆ ಕರೆದುಕೊಂಡು ಹೋಗಲು ಅದೇ ತರಗತಿಯ ಒಬ್ಬರನ್ನು ಗೊತ್ತು ಮಾಡಿದರೆ ಅದೇ ದೊಡ್ಡ ಔಷಧಿ. ಇನ್ನೊಂದು ಬೇಡಿಕೆಯಿದೆ ಅಕ್ಕ. ಪೋಷಕರನ್ನು ಕರೆಯುವುದಿದ್ದರೆ ಭಾನುವಾರ ಕರೆಯಿರಿ. ವಾರದ ದಿನ ಹನ್ನೊಂದು ಗಂಟೆಗೆ ಬನ್ನಿ ಎಂದರೆ ಇಬ್ಬರ ದಿನಗೂಲಿಯೂ ಹೋಗುತ್ತದೆ. ಬರಲಿಲ್ಲವೆಂದರೆ ಕಾಳಜಿಯಿಲ್ಲದ ಅಪ್ಪ ಅಮ್ಮ ಎನ್ನುತ್ತಾರೆ.

ಕತ್ರಿಗುಪ್ಪೆಯ ತಾಯಿ
ಅಣ್ಣ, ಎರಡನ್ನೂ ಬರೆದುಕೊಂಡೆ. ನಮ್ಮ ಶಾಲೆಯಲ್ಲೂ ವರ್ಷದ ನಡುವೆ ಸೇರುವ ಮಕ್ಕಳಿದ್ದಾರೆ. ಅವರ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ.

ಯಲಹಂಕದ ಅಮ್ಮ
"ಮಂದ" ಎನ್ನುವ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನನ್ನ ಮಗಳನ್ನು ನಾಲ್ಕು ವರ್ಷ ದಡ್ಡಿ ಎಂದರು, ಸೋಮಾರಿ ಎಂದರು. ಬಾಯಲ್ಲಿ ಎಲ್ಲ ಉತ್ತರವನ್ನೂ ಹೇಳುತ್ತಿದ್ದಳು, ಬರೆಯಲು ಕುಳಿತರೆ ಒತ್ತಕ್ಷರಗಳೆಲ್ಲ ಮಾಯ. ಅವಳಿಗೆ ಹತ್ತು ವರ್ಷವಾದ ಮೇಲೆ ಪರೀಕ್ಷೆ ಮಾಡಿಸಿದಾಗ ಕಲಿಕಾ ನ್ಯೂನತೆ ಎಂದು ತಿಳಿಯಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಇದೂ ಒಂದು. ಪ್ರಮಾಣಪತ್ರವಿದ್ದರೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು ಸಿಗುತ್ತಾರೆ. ಆದರೆ ಅಷ್ಟರಲ್ಲಿ ಅವಳು ತನ್ನನ್ನು ತಾನೇ ದಡ್ಡಿ ಎಂದು ನಂಬಿಬಿಟ್ಟಿದ್ದಳು. ಅಕ್ಷರದ ತೊಂದರೆಗಿಂತ ಆ ನಂಬಿಕೆಯನ್ನು ಬಿಡಿಸುವುದೇ ಕಷ್ಟವಾಯಿತು. ಬರುವ ಸಮಾಲೋಚಕರಿಗೆ ಇದನ್ನು ಗುರುತಿಸಲು ಬರುತ್ತದೆಯೇ ಎಂದು ದಯವಿಟ್ಟು ಕೇಳಿ.

ಪದವಿ ವಿದ್ಯಾರ್ಥಿ, ಕೆಂಗೇರಿ
ನಾನು ನಾಲ್ಕು ವರ್ಷದ ಹಿಂದೆ ಎಸ್‌ಎಸ್‌ಎಲ್‌ಸಿ ಮುಗಿಸಿದವನು. ಹಿರಿಯರ ನಡುವೆ ಮಾತನಾಡುತ್ತಿದ್ದೇನೆ, ತಪ್ಪಿದ್ದರೆ ತಿದ್ದಿ. ಹತ್ತನೇ ತರಗತಿಯಲ್ಲಿ ನನಗೆ ಬದುಕುವುದೇ ಬೇಡ ಎನಿಸಿದ ದಿನಗಳಿದ್ದವು. ಪೂರ್ವಸಿದ್ಧತಾ ಪರೀಕ್ಷೆಯ ಅಂಕಗಳನ್ನು ಸೂಚನಾ ಫಲಕದಲ್ಲಿ ಹಾಕುತ್ತಿದ್ದರು, ಕೊನೆಯ ಐದು ಹೆಸರುಗಳಿಗೆ ಕೆಂಪು ಶಾಯಿ. ನಾನು ಎರಡು ಸಲ ಆ ಕೆಂಪಿನಲ್ಲಿದ್ದೆ. ಆಗ ನನ್ನನ್ನು ಗಮನಿಸಿದ್ದು ದೈಹಿಕ ಶಿಕ್ಷಕರು. ಕಬಡ್ಡಿ ತಂಡದಿಂದ ಹೆಸರು ತೆಗೆಸಿಕೊಳ್ಳಲು ಹೋಗಿದ್ದೆ. ಅವರು ಕಾರಣ ಕೇಳಲಿಲ್ಲ, ಚೆಂಡು ಸಾಮಾನುಗಳನ್ನು ಎಣಿಸಿಡಲು ಹೇಳಿ ತಾವೂ ಪಕ್ಕದಲ್ಲಿ ಕುಳಿತು ಎಣಿಸಿದರು. ಅರ್ಧ ಗಂಟೆ ಕಳೆದ ಮೇಲೆ "ರಾತ್ರಿ ನಿದ್ದೆ ಬರುತ್ತದೆಯೇನೋ?" ಎಂದರು. ಆಮೇಲೆ ಎಲ್ಲ ಹೇಳಿದೆ. ಅವರೇ ಮನೆಗೆ ಬಂದು ಅಪ್ಪನ ಜೊತೆ ಮಾತನಾಡಿ ವೈದ್ಯರ ಬಳಿ ಕಳುಹಿಸಿದರು. ಎದುರುಬದುರು ಕೂರಿಸಿ "ನಿನ್ನ ಸಮಸ್ಯೆ ಏನು ಹೇಳು" ಎಂದಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ. ಕೈಗೆ ಏನಾದರೂ ಕೆಲಸವಿರಬೇಕು, ಕಣ್ಣು ಬೇರೆಲ್ಲೋ ಇರಬೇಕು.

ಆಪ್ತ ಸಮಾಲೋಚಕಿ, ವಿಲ್ಸನ್ ಗಾರ್ಡನ್
ತಮ್ಮ, ನೀನು ಬರೆದದ್ದಕ್ಕೆ ಕೈ ಮುಗಿಯುತ್ತೇನೆ. ನಿನ್ನ ಮಾತಿನ ಕೊನೆಯ ಸಾಲನ್ನು ತರಬೇತಿಯಲ್ಲಿ ಹೇಳಿಕೊಡಲು ನಾವು ಒಂದಿಡೀ ದಿನ ತೆಗೆದುಕೊಳ್ಳುತ್ತೇವೆ.

ಬದುಕು ಬೇಡ ಎನ್ನುವ ಮಾತು ಬಂದದ್ದರಿಂದ ಪೋಷಕರು, ಶಿಕ್ಷಕರು ಎಲ್ಲರಿಗೂ ಸ್ವಲ್ಪ ಹೇಳಬೇಕು. ಮಗುವನ್ನು ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎನ್ನುವ ಭಯ ತಪ್ಪು. ಮೃದುವಾಗಿ, ನೇರವಾಗಿ "ಸಾಯಬೇಕು ಎನಿಸುತ್ತದೆಯೇ?" ಎಂದು ಕೇಳಬಹುದು. ಕೇಳಿದರೆ ಮಗುವಿಗೆ ಹಗುರವಾಗುತ್ತದೆ. ಹೌದು ಎಂದರೆ ಬುದ್ಧಿವಾದ ಬೇಡ, ಬೈಗುಳ ಬೇಡ, ದೇವರ ಆಣೆ ಹಾಕಿಸಿಕೊಳ್ಳುವುದೂ ಬೇಡ. ಒಂಟಿಯಾಗಿ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಗೆ ನಮ್ಮ ನಿಮ್ಹಾನ್ಸೇ ಮುಖ್ಯ ಕೇಂದ್ರ. ಮಗುವಿಗೆ ಹಿಂಸೆ, ದೌರ್ಜನ್ಯ ಆಗುತ್ತಿದ್ದರೆ ಮಕ್ಕಳ ಸಹಾಯವಾಣಿ 1098.

ಜೆ.ಪಿ. ನಗರದ ಸರ್ ಕೇಳಿದ್ದಕ್ಕೂ ಉತ್ತರಿಸುತ್ತೇನೆ. ಮೊದಲ ಭೇಟಿಯಲ್ಲೇ ನಾನು ಮಗುವಿಗೆ ಹೀಗೆ ಹೇಳುತ್ತೇನೆ: "ನೀನು ಹೇಳಿದ್ದು ಇಲ್ಲೇ ಇರುತ್ತದೆ. ನಿನ್ನ ಜೀವಕ್ಕೆ ಅಪಾಯವಿದ್ದರೆ, ನೀನು ಇನ್ನೊಬ್ಬರಿಗೆ ಅಪಾಯ ಮಾಡುವಂತಿದ್ದರೆ, ಯಾರಾದರೂ ನಿನಗೆ ಕೆಟ್ಟದ್ದು ಮಾಡುತ್ತಿದ್ದರೆ ಮಾತ್ರ ಹೊರಗೆ ಹೇಳುತ್ತೇನೆ, ಆಗಲೂ ಮೊದಲು ನಿನಗೆ ತಿಳಿಸಿ." ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವರದಿ ಮಾಡಲೇಬೇಕು, ಅಲ್ಲಿ ನಮಗೆ ಆಯ್ಕೆಯಿಲ್ಲ. ಮುಖ್ಯೋಪಾಧ್ಯಾಯರಿಗೆ ಕೊಡುವ ವರದಿಯಲ್ಲಿ ಎಷ್ಟು ಮಕ್ಕಳು ಬಂದರು, ಯಾವ ಬಗೆಯ ತೊಂದರೆ ಎಂದಷ್ಟೇ ಇರಲಿ. ಹೆಸರು ಬೇಡ.

ವಕೀಲೆ, ಮಲ್ಲೇಶ್ವರ
ಸಭೆಯಲ್ಲಿ ಹಿಡಿದುಕೊಂಡು ಹೋಗಲು ಕಾನೂನಿನ ಬಲವನ್ನೂ ಕೊಡುತ್ತೇನೆ. 2025ರ ಜುಲೈ 25ರಂದು ವಿದ್ಯಾರ್ಥಿನಿಯೊಬ್ಬಳ ಸಾವಿಗೆ ಸಂಬಂಧಿಸಿದ ಸುಕ್ದೇಬ್ ಸಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಣ ಸಂಸ್ಥೆಗಳಿಗೆ ಹದಿನೈದು ಮಾರ್ಗಸೂಚಿಗಳನ್ನು ಕೊಟ್ಟಿದೆ. ಕಾನೂನು ಬರುವವರೆಗೂ ಅವು ಎಲ್ಲರಿಗೂ ಬದ್ಧ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿದ್ದರೆ ಮಕ್ಕಳ ಮಾನಸಿಕ ಆರೋಗ್ಯದಲ್ಲಿ ತರಬೇತಿ ಪಡೆದ ಕನಿಷ್ಠ ಒಬ್ಬ ಸಮಾಲೋಚಕರು, ಮನಃಶಾಸ್ತ್ರಜ್ಞರು ಅಥವಾ ಸಮಾಜಕಾರ್ಯಕರ್ತರು ಇರಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಆಗಬೇಕು. ಟೆಲಿ-ಮಾನಸ್ ಸಂಖ್ಯೆಯನ್ನು ತರಗತಿಗಳಲ್ಲಿ ಎದ್ದು ಕಾಣುವಂತೆ ಹಾಕಬೇಕು. ಕತ್ರಿಗುಪ್ಪೆಯ ಮೇಡಂ, ಇದನ್ನು ನೀವು ಎರಡು ಸಲ ಓದಿ: ಅಂಕದ ಆಧಾರದ ಮೇಲೆ ಮಕ್ಕಳನ್ನು ಬೇರೆ ಬೇರೆ ತಂಡ ಮಾಡುವುದು, ಎಲ್ಲರ ಮುಂದೆ ಅವಮಾನಿಸುವುದು ಸಾಧ್ಯವಾದಷ್ಟೂ ಬೇಡ ಎಂದೂ ಅದರಲ್ಲಿದೆ. ಕೆಂಗೇರಿಯ ತಮ್ಮನ ಕೆಂಪು ಶಾಯಿಯೂ ಇದರೊಳಗೇ ಬರುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮೊದಲಿನಿಂದಲೂ ಹೊಡೆತದ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ರಾಜಾಜಿನಗರದ ಶಿಕ್ಷಕಿ
ಇದನ್ನು ಮುದ್ರಿಸಿ ನಮ್ಮ ಸಿಬ್ಬಂದಿ ಕೊಠಡಿಯಲ್ಲೂ ಅಂಟಿಸುತ್ತೇನೆ. ಒಂದು ವಿನಂತಿಯಿದೆ, ಸಭೆಯಲ್ಲಿ ಶಿಕ್ಷಕರನ್ನು ಕಟಕಟೆಯಲ್ಲಿ ನಿಲ್ಲಿಸಬೇಡಿ ಮೇಡಂ. ಫಲಿತಾಂಶ ಕಡಿಮೆಯಾದರೆ ನಮ್ಮಿಂದಲೂ ವಿವರಣೆ ಕೇಳುತ್ತಾರೆ, ಆ ಭಯದಲ್ಲೇ ವಿಭಾಗ ಮಾಡುತ್ತಾರೆ. ನಮ್ಮಲ್ಲೂ ನಿದ್ದೆಯಿಲ್ಲದವರಿದ್ದಾರೆ. ಸಮಾಲೋಚಕರು ಬಂದರೆ ನಮಗೂ ತಿಂಗಳಿಗೊಂದು ಗಂಟೆ ಇಡಿ.

ಕತ್ರಿಗುಪ್ಪೆಯ ತಾಯಿ
ಸಭೆ ಮುಗಿಯಿತು. ಮೂರು ಗಂಟೆ ನಡೆಯಿತು. ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ.

ನಾನು ಮಗಳ ವಿಷಯವನ್ನು ಹೆಸರೆತ್ತದೆ ಹೇಳಿದೆ, ಮೊದಲೇ ಅವಳ ಒಪ್ಪಿಗೆ ಕೇಳಿದ್ದೆ. ಎಲ್ಲರಿಗೂ ಯಾರೆಂದು ಅರ್ಥವಾಯಿತೆನ್ನಿ. ಮುಖ್ಯ ಶಿಕ್ಷಕಿ ಬಹಳ ಹೊತ್ತು ಸುಮ್ಮನಿದ್ದು, ವಿಭಾಗ ಮಾಡಿದ್ದು ತಾವೇ ಎಂದೂ ಈ ವರ್ಷ ಮಾಡುವುದಿಲ್ಲವೆಂದೂ ಹೇಳಿದರು. ನಾನು ಜಗಳಕ್ಕೆ ಸಿದ್ಧಳಾಗಿ ಹೋಗಿದ್ದೆ. ಶಿಕ್ಷಕರನ್ನು ಕಟಕಟೆಯಲ್ಲಿ ನಿಲ್ಲಿಸಬೇಡಿ ಎಂದು ಓದಿಕೊಂಡು ಹೋಗಿದ್ದು ಒಳ್ಳೆಯದಾಯಿತು.

ದಾನಿ ಶಿಬಿರವನ್ನು ಪೂರ್ತಿ ಬಿಡಲು ಒಪ್ಪಲಿಲ್ಲ, ಅವರಿಗೂ ಲೆಕ್ಕ ತೋರಿಸಬೇಕಂತೆ. ಟೀ ಶರ್ಟ್ ಮತ್ತು ಊಟದ ಹಣ ಬಿಟ್ಟುಕೊಟ್ಟರು. ಅದರಲ್ಲಿ ವಾರಕ್ಕೆ ಎರಡು ದಿನ ಸಾಧ್ಯವಿಲ್ಲ, ಒಂದು ದಿನ ಮಾತ್ರ. ಪ್ರತಿ ಗುರುವಾರ. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದ ಹುಡುಗಿಯೊಬ್ಬಳು ಬರಲು ಒಪ್ಪಿದ್ದಾಳೆ. ಅಕ್ಷರದ ತೊಂದರೆ ಗುರುತಿಸಲು ಬರುತ್ತದೆಯೇ ಎಂದು ಕೇಳಿದೆ. ಕಲಿತಿದ್ದೇನೆ, ಇನ್ನೂ ಹಿರಿಯರ ಸಹಾಯ ಬೇಕು ಎಂದಳು. ಆ ಉತ್ತರ ನನಗೆ ಹಿಡಿಸಿತು. ಎಲ್ಲ ಮಕ್ಕಳ ಹತ್ತು ನಿಮಿಷಕ್ಕೆ ಏಳು ವಾರದ ಬದಲು ಹದಿನಾಲ್ಕು ವಾರ ಬೇಕಾಗುತ್ತದೆ, ಆದ್ದರಿಂದ ಎಂಟನೇ ತರಗತಿಯಿಂದ ಶುರು. ಹೊಸ ಮಕ್ಕಳಿಗೆ ಜೊತೆಗಾರರನ್ನು ಗೊತ್ತು ಮಾಡುವುದು ಸೋಮವಾರದಿಂದಲೇ. ಪೋಷಕರ ಸಭೆ ಭಾನುವಾರ ಎಂದಾಗ ಇಬ್ಬರು ಶಿಕ್ಷಕರು ಬೇಸರ ಮಾಡಿಕೊಂಡರು. ಎರಡು ತಿಂಗಳಿಗೊಮ್ಮೆ ಎಂದು ಒಪ್ಪಂದವಾಯಿತು. ಹತ್ತನೇ ತರಗತಿಯ ಆಟದ ಪಿರಿಯಡ್ ಮಾತ್ರ ಸಿಗಲಿಲ್ಲ ಸರ್, ಮುಂದಿನ ಸಭೆಯಲ್ಲಿ ಮತ್ತೆ ಕೇಳುತ್ತೇನೆ.

ಕೊಠಡಿ ಸಿಕ್ಕಿದೆ, ಗ್ರಂಥಾಲಯದ ಪಕ್ಕದ್ದು. ಬಾಗಿಲಿಗೆ ಹೆಸರು ಬರೆಸುವುದಿಲ್ಲ. ನಿನ್ನೆ ಮಗಳೂ ನಾನೂ ಹೋಗಿ ಗುಡಿಸಿ ಒರೆಸಿದೆವು. ಎರಡು ಕುರ್ಚಿ, ಒಂದು ಚಾಪೆ, ಕೈಗೆ ಕೆಲಸವಿರಲೆಂದು ಬಣ್ಣದ ಪೆನ್ಸಿಲ್ ಮತ್ತು ಜೇಡಿಮಣ್ಣು. ಒಂದೇ ತೊಂದರೆಯೆಂದರೆ ಕಿಟಕಿ ಮೊಗಸಾಲೆಗೆ ತೆರೆದುಕೊಳ್ಳುತ್ತದೆ, ಓಡಾಡುವ ಮಕ್ಕಳೆಲ್ಲ ಇಣುಕುತ್ತಾರೆ.

ಆಪ್ತ ಸಮಾಲೋಚಕಿ, ವಿಲ್ಸನ್ ಗಾರ್ಡನ್
ಪೂರ್ತಿ ಮುಚ್ಚಬೇಡಿ. ಮಗುವಿನ ಜೊತೆ ಒಬ್ಬ ದೊಡ್ಡವರು ಮುಚ್ಚಿದ ಕೋಣೆಯಲ್ಲಿ ಇರಬಾರದು, ಹೊರಗಿನ ಹಿರಿಯರಿಗೆ ಕಾಣುತ್ತಿರಬೇಕು, ಕೇಳಿಸಬಾರದು. ಕಿಟಕಿಯ ಕೆಳಗಿನ ಅರ್ಧಕ್ಕೆ ಮಾತ್ರ ದಪ್ಪ ಪರದೆ ಹಾಕಿ. ಮಕ್ಕಳಿಗೆ ಇಣುಕಲು ಆಗುವುದಿಲ್ಲ, ಶಿಕ್ಷಕರು ಹಾದುಹೋದರೆ ಕಾಣುತ್ತದೆ.

ಪೀಣ್ಯದ ತಂದೆ
ಅಕ್ಕ, ನನ್ನ ಹೆಂಡತಿ ಹೊಲಿದುಕೊಡುತ್ತಾಳಂತೆ. ಮನೆಯಲ್ಲಿ ದಪ್ಪ ಬಟ್ಟೆ ಇದೆ, ನೀಲಿ ಬಣ್ಣ. ಅಳತೆ ಹೇಳಿ.

ಕತ್ರಿಗುಪ್ಪೆಯ ತಾಯಿ
ಅಗಲ ನಾಲ್ಕು ಅಡಿ, ಎತ್ತರ ಎರಡು ಅಡಿ ಸಾಕು ಅಣ್ಣ. ಬುಧವಾರದೊಳಗೆ ಸಿಕ್ಕಿದರೆ ಗುರುವಾರಕ್ಕೆ ಕಟ್ಟಿಬಿಡುತ್ತೇನೆ.